ತೊಗರಿನಾಳ ರೇವಣನ ಸವಾಲು

ದಸರೆಯ ಮರುದಿನ ಸೂಗಮ್ಮ ತನ್ನ ದಪ್ಪು ಮತ್ತು ಒಂಟಿ ತಂತಿಯ ತುಂತುಣಿಯನ್ನು ಗೋಡೆಯ ಗೂಟದಿಂದ ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಹೊರಸಿನ ಕೆಳಗೆ ಇಟ್ಟಳು. ಬನ್ನಿ ಕೊಡಲು ಕಲಬುರಗಿಯಿಂದ ಕಮಲಾಪುರಕ್ಕೆ ಬಂದಿದ್ದ ತಮ್ಮ ನೀಲಕಂಠ ಅದನ್ನು ನೋಡಿದ.

"ಇದ್ಯಾಕ ಅಕ್ಕಾ?"

"ಮ್ಯೂಸಿಯಂನವರು ಬರ್ತಾರ. ಎಳ್ಳಮಾಸಿ ದಿನ ಬಂದು ಒಯ್ತಾರ. ಗಾಜಿನ ಪೆಟ್ಟಿಗ್ಯಾಗ ಇಟ್ಟು ಕೆಳಗ ನನ್ನ ಹೆಸರು ಬರೀತಾರಂತ."

"ನೀ ಇನ್ನಾ ಇದ್ದೀಯಲ್ಲ."

"ಅದಕ್ಕೇ ಹೆಸರಿನ ಮುಂದ ದಿವಂಗತ ಅಂತ ಹಾಕಬ್ಯಾಡ್ರಿ ಅಂತ ಹೇಳೀನಿ."

ಸೂಗಮ್ಮ ಗೀಗೀ ಪದಗಳ ಹಾಡುಗಾರ್ತಿ. ಈ ಹಾಡಿಗೆ ಎರಡು ಪಕ್ಷ ಬೇಕು. ಹರದೇಶಿಯವರು ಶಿವ ದೊಡ್ಡವ, ಗಂಡು ದೊಡ್ಡವ ಎಂದು ಹಾಡಿ ಸವಾಲು ಹಾಕುತ್ತಾರೆ. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ದೊಡ್ಡವಳು ಎಂದು ಜವಾಬು ಕೊಡುತ್ತಾರೆ. ಸೂಗಮ್ಮ ನಾಗೇಶಿ. ಅವಳ ಎದುರಿಗೆ ಇಪ್ಪತ್ತೆರಡು ವರ್ಷ ಹರದೇಶಿ ಹಾಡಿದವನು ಖಂಡೆಪ್ಪ. ಪ್ರತಿ ಎಳ್ಳು ಅಮಾವಾಸ್ಯೆಗೆ ಸೂಗಮ್ಮನ ಹೊಲದಲ್ಲಿ ಊಟವಾದ ಮೇಲೆ ಇಬ್ಬರೂ ಎದುರುಬದುರು ಕುಳಿತು ಹೊತ್ತು ಮುಳುಗುವವರೆಗೆ ಹಾಡಿನಲ್ಲೇ ಜಗಳವಾಡುತ್ತಿದ್ದರು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಖಂಡೆಪ್ಪ ತೀರಿಕೊಂಡ. ಅಂದಿನಿಂದ ಸೂಗಮ್ಮ ಒಂದು ಸಾಲೂ ಕಟ್ಟಿರಲಿಲ್ಲ.

"ಹಳೇ ಪದ ಹಾಡಬಹುದಲ್ಲ?" ಎಂದ ನೀಲಕಂಠ.

"ನಿನ್ನಿ ರೊಟ್ಟಿ ತಿನ್ನಬಹುದು. ನಿನ್ನಿ ಜವಾಬು ಕೊಡಬಾರದು."

"ಹೊಸಾದು ಕಟ್ಟು."

"ಯಾರಿಗೆ? ಗ್ವಾಡಿಗೆ? ಎದುರಿಗೆ ಬೈಯೋರಿದ್ರ ನನಗ ಪದ ಬರ್ತಾವ. ಇಲ್ಲಂದ್ರ ಬರಾಂಗಿಲ್ಲ. ನಾ ಏನ್ ಮಾಡ್ಲಿ?"

ಅವಳ ಹಿಂದೆ ತುಂತುಣಿ ಹಿಡಿದು ಇಪ್ಪತ್ತು ವರ್ಷ ಪಲ್ಲವಿಯ ಸೊಲ್ಲು ಹೇಳಿದ ಜಾಹೇದಾ ಅಲ್ಲೇ ಬಾಗಿಲಲ್ಲಿ ಕುಳಿತಿದ್ದಳು. ಊರಲ್ಲಿ ಹೊಲಿಗೆ ಅವಳ ಕಸುಬು. "ಭಾಯಿಸಾಬ್, ನಿಮ್ಮ ಶಹರದಾಗ ಎಲ್ಲಾ ಸಿಗ್ತದ ಅಂತೀರಿ. ಒಬ್ಬ ದುಶ್ಮನ್ ಸಿಗಾಂಗಿಲ್ಲೇನ್ರಿ?" ಎಂದಳು.

ನೀಲಕಂಠ ಇದನ್ನು ತಮಾಷೆ ಎಂದುಕೊಳ್ಳಲಿಲ್ಲ. ಅವನು ಮೂವತ್ತನಾಲ್ಕು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತನಾದವನು. ಹೇಳಿದ ಮಾತನ್ನು ಹೇಳಿದಂತೆಯೇ ತೆಗೆದುಕೊಳ್ಳುವುದು ಅವನ ಅಭ್ಯಾಸ. ಖೂಬಾ ಪ್ಲಾಟಿನ ಮನೆಗೆ ಮರಳಿದವನು ಒಂದು ನೋಟ್‌ಬುಕ್ಕಿನಲ್ಲಿ ಹರದೇಶಿ ಹಾಡುವವರ ಪಟ್ಟಿ ಮಾಡಿದ. ಆಳಂದ, ಅಫಜಲಪುರ, ಬಸವಕಲ್ಯಾಣದ ಕಡೆ ಫೋನು ಹಚ್ಚಿದ. ಮೂರು ವಾರದಲ್ಲಿ ಹದಿನೊಂದು ಹೆಸರು ಸಿಕ್ಕವು. ನಾಲ್ವರು ತೀರಿಕೊಂಡಿದ್ದರು. ಮೂವರು ಹಾಡುವುದನ್ನು ಬಿಟ್ಟಿದ್ದರು. ಇಬ್ಬರಿಗೆ ಅದೇ ದಿನ ತಮ್ಮ ಹೊಲದ ಪೂಜೆ ಇತ್ತು. ಒಬ್ಬ ಸಿನಿಮಾ ಧಾಟಿಯಲ್ಲಿ ಮಾತ್ರ ಹಾಡುವುದಾಗಿ ಹೇಳಿದ. ಹನ್ನೊಂದನೆಯವನು ಸೂಗಮ್ಮನ ಹೆಸರು ಕೇಳಿ, "ಆಕಿ ಮುಂದ ಕುಂದ್ರು ಅಂತೀರೇನ್ರಿ? ನನಗ ಸೊಸಿ ಬಂದಾಳ್ರಿ, ಮಾನ ಉಳಿಸ್ಕೋಬೇಕು" ಎಂದು ಫೋನಿಟ್ಟ.

ನೀಲಕಂಠನ ಹೆಂಡತಿ ಅಂಜನಾ ಜೇವರ್ಗಿ ಕಾಲೋನಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಉತ್ತರಪತ್ರಿಕೆ ನೋಡುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಸಿಗಲಿಲ್ಲಂದ್ರ ಒಬ್ಬನ್ನ ಹುಟ್ಟಿಸ್ರಿ."

"ಅಂದ್ರ?"

"ಲೆಕ್ಕದಾಗ ನಾವು ಎಕ್ಸ್ ಅಂತ ಇಟ್ಕೋತೀವಿ. ಅಂವ ಎಲ್ಲೂ ಇರಾಂಗಿಲ್ಲ. ಆದ್ರ ಉತ್ತರ ಬರ್ತದ."

"ಸುಳ್ಳು ಬರೀ ಅಂತೀ."

"ಮೂವತ್ತನಾಲ್ಕು ವರ್ಷ ಮಂದಿ ಸುಳ್ಳು ಹೊಡದು ಹಾಕೀರಿ. ಹ್ಯಾಂಗ ಇರ್ತದ ಅಂತ ನಿಮಗ ಗೊತ್ತಿಲ್ಲೇನ್ರಿ?"

ಮರುದಿನ ಬೆಳಗ್ಗೆ ನೀಲಕಂಠ ಕೆಲಸಕ್ಕೆ ಕುಳಿತ. ಮೊದಲು ಬೇಕಾದದ್ದು ಊರು. ಇರುವ ಊರಿನ ಹೆಸರು ಬರೆದರೆ ಅಲ್ಲಿಯವರು ಇಂಥವನು ನಮ್ಮಲ್ಲಿ ಇಲ್ಲ ಎಂದಾರು. ಆದ್ದರಿಂದ ಇಲ್ಲದ ಊರು ಬೇಕು. ಒಂದು ಊರು ಇದೆಯೇ ಎಂದು ಅವನು ಸಾವಿರ ಸಲ ಪರಿಶೀಲಿಸಿದ್ದ. ಇಲ್ಲ ಎಂದು ಖಚಿತ ಮಾಡಿಕೊಂಡದ್ದು ಇದೇ ಮೊದಲು. ಜಿಲ್ಲೆಯ ಗ್ರಾಮಗಳ ಪಟ್ಟಿಯನ್ನು ಎರಡು ಸಲ ಓದಿ 'ತೊಗರಿನಾಳ' ಎಂಬ ಹೆಸರನ್ನು ಆರಿಸಿದ. ಮನುಷ್ಯನಿಗೆ ರೇವಣ ಎಂದು ಹೆಸರಿಟ್ಟ.

ನಂತರದ ತೊಂದರೆ ಅಂಚೆ ಮುದ್ರೆ. ಕಾಗದ ಕಲಬುರಗಿಯಿಂದಲೇ ಹೋಗಬೇಕು. ಹಾಗಾದರೆ ರೇವಣ ಇಲ್ಲೇ ಕೆಲಸ ಮಾಡುತ್ತಿರಬೇಕು. ಕಪನೂರಿನ ದಾಲ್‌ಮಿಲ್ ಒಂದರಲ್ಲಿ ಹಮಾಲಿ ಎಂದು ಗೊತ್ತುಮಾಡಿದ. ಮೂರನೆಯ ತೊಂದರೆ ಕೈಬರಹ. ತನ್ನ ಅಕ್ಷರ ಅಕ್ಕನಿಗೆ ಗೊತ್ತು. ಎಡಗೈಯಲ್ಲಿ ಬರೆದು ನೋಡಿದ. ಒಂದು ಸಾಲಿಗೆ ಆರು ನಿಮಿಷ ಹಿಡಿಯಿತು. ಹೆಚ್ಚು ಬರೆಯಲು ಆಗಲಿಲ್ಲ. ಹೀಗಾಗಿ ರೇವಣ ಮಿತಭಾಷಿಯೂ ಎಡಚನೂ ಆದ. ಮಧ್ಯಾಹ್ನದ ಹೊತ್ತಿಗೆ ನೀಲಕಂಠನಿಗೆ ಅವನ ನಡಿಗೆ ಕಾಣತೊಡಗಿತು.

ಮೊದಲ ಕಾಗದ ಹೀಗಿತ್ತು:

"ಸೂಗಮ್ಮನವರಿಗೆ ತೊಗರಿನಾಳ ರೇವಣನ ಶರಣು. ಕಪನೂರಿನ ದಾಲ್‌ಮಿಲ್‌ನಾಗ ಹಮಾಲಿ ಮಾಡ್ತೀನಿ. ಖಂಡೆಪ್ಪನ ಎದುರಿಗೆ ಇಪ್ಪತ್ತೆರಡು ಸಲ ಕೂತಿರಿ. ಹದಿನಾರು ಸಲ ಸೋತಿರಿ. ನಾ ಖಂಡೆಪ್ಪನಷ್ಟು ಒಳ್ಳೇವ ಅಲ್ಲ. ಸವಾಲು ತಗೋರಿ.

ಬಿತ್ತುವ ಕೈಯಿ ಮೊದಲೋ ಇಲ್ಲಾ ಭೂಮಿ ಮೊದಲೋ ಸೂಗವ್ವ
ಕೈಯಿ ಬಾರದ ಹೊಲದಾಗ ಜೋಳ ಹ್ಯಾಂಗ ಎದ್ದಿತ ಹೇಳವ್ವ"

ಬರೆದಾದ ಮೇಲೆ ತನ್ನ ಹಳೆಯ ಡೈರಿಗಳನ್ನು ತೆರೆದು ನೋಡಿದ. ಪ್ರತಿ ವರ್ಷದ ಹಾಡಿನ ಸೋಲು ಗೆಲುವನ್ನು ಅವನು ಬರೆದಿಟ್ಟಿದ್ದ. ಒಂದು ತಿದ್ದುಪಡಿ ಬೇಕಾಗಿತ್ತು. ಮಾಡಿ, ಲಕೋಟೆ ಅಂಟಿಸಿ, ಡಬ್ಬಿಗೆ ಹಾಕಿ ಬಂದ.

ಐದನೆಯ ದಿನ ಸೂಗಮ್ಮ ಫೋನು ಮಾಡಿದಳು. ನಮಸ್ಕಾರವೂ ಇಲ್ಲ, ಕುಶಲವೂ ಇಲ್ಲ.

"ಯಾಂವನೋ ಅಂವ ರೇವಣ?"

"ಯಾವ ರೇವಣ?" ನೀಲಕಂಠನ ದನಿ ತುಸು ಸಣ್ಣದಾಯಿತು.

"ದಾಲ್‌ಮಿಲ್‌ನಾಗ ಮೂಟಿ ಹೊರ್ತಾನಂತ. ನನಗ ಸವಾಲು ಹಾಕ್ಯಾನ. ಪತ್ತೆ ಬರದಿಲ್ಲ ಭಾಡ್ಯಾ. ನೀ ಶಹರದಾಗ ಇದ್ದಿ, ಕಪನೂರಿಗೆ ಹೋಗಿ ಹುಡುಕು. ನನ್ನ ಜವಾಬು ಅವನ ಮಾರಿ ಮುಂದ ಓದು. ಬರಕೋ."

ಅವನು ಪೆನ್ನು ಹಿಡಿದ. ಅವಳು ಹೇಳಿದಳು:

"ಬಿತ್ತಿದ ಕೈಯಿ ತೊಳಕೊಂಡ ಹೋಗಿ ಬಾವಿಕಟ್ಟಿಗೆ ಕುಂತಿತಣ್ಣ
ಆರು ತಿಂಗಳು ಹೊತ್ತವಳ ಹೆಸರು ಮರತು ಬಂದೇನೋ ರೇವಣ್ಣ"

ಎರಡು ವರ್ಷದ ನಂತರ ಅವಳು ಕಟ್ಟಿದ ಮೊದಲ ಪದ ಅದು. ನೀಲಕಂಠ ಅದನ್ನು ಗಮನಿಸಿದ. ಆದರೆ ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ಜೋಳಕ್ಕ ನಾಕು ತಿಂಗಳು. ಆರಲ್ಲ."

"ಪದದಾಗ ಆರು."

"ಹೊಲದಾಗ ನಾಕು."

"ನೀ ಹೊಲ ಮಾಡೀಯೇನು? ಹೋಗಿ ಓದು. ಓದಿದ ಮ್ಯಾಲ ಅವನ ಮಾರಿ ಹ್ಯಾಂಗಾಯ್ತು ನನಗ ಹೇಳಬೇಕು."

ನೀಲಕಂಠ ನಿಜವಾಗಿಯೂ ಕಪನೂರಿಗೆ ಹೋದ. ಕಾಣದ್ದನ್ನು ವರದಿ ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಒಂದು ದಾಲ್‌ಮಿಲ್‌ನ ಗೇಟಿನ ಎದುರು ಚಹಾ ಅಂಗಡಿಯಲ್ಲಿ ಒಂದೂವರೆ ತಾಸು ಕುಳಿತು, ಹಮಾಲರು ಲಾರಿಯಿಂದ ಮೂಟೆ ಇಳಿಸುವುದನ್ನು ನೋಡಿದ. ಮೂಟೆಯನ್ನು ತಲೆಗಲ್ಲ, ಕುತ್ತಿಗೆಯ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಭಾರ ಬಿದ್ದ ಕೂಡಲೇ ಒಂದು ಉಸಿರು ಬಿಡುತ್ತಾರೆ. ಆ ಉಸಿರಿಗೂ ಗೀಗೀ ಪದದ ಮೊದಲ ಸೊಲ್ಲು ಎತ್ತುವಾಗಿನ ಉಸಿರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಸಂಜೆ ಅಕ್ಕನಿಗೆ ಫೋನು ಮಾಡಿ ಹೇಳಿದ: "ಕೇಳಿ ಸುಮ್ಮನಾದ. ಮೂಟಿ ಇಳಿಸಿ ಕುಂತ. ಟಾವೆಲ್‌ಲೆ ಕುತ್ತಿಗಿ ಒರಸಿಕೊಂಡ, ಅದೂ ಎಡಗೈಲೆ."

"ಮೀಸಿ ಅದಾವೇನು?"

"ಅದಾವ. ಎಡಗಡೆ ತುಸು ಕಡಿಮಿ."

"ಯಾಕ?"

"ಬೀಡಿ ಸುಟ್ಟಿತ್ತಂತ."

ಫೋನಿಟ್ಟ ಮೇಲೆ ಆ ಬೀಡಿ ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. ಅಂಜನಾ ಅವನನ್ನೇ ನೋಡುತ್ತಿದ್ದಳು. "ಯಾರು ನೋಡಿದ್ದು ಬೀಡಿ?" ಎಂದಳು. ಅವನು ನಗುತ್ತಿದ್ದ.

ಎರಡನೆಯ ಸವಾಲಿಗೆ ಅವನಿಗೆ ಮೂರು ದಿನ ಏನೂ ಹೊಳೆಯಲಿಲ್ಲ. ಗಂಡು ದೊಡ್ಡವ ಎನ್ನುವ ವಾದದಲ್ಲಿ ಅವನಿಗೆ ಸ್ವಂತ ನಂಬಿಕೆ ಇರಲಿಲ್ಲ. ಮನೆಯಲ್ಲಿ ಅದಕ್ಕೆ ಆಧಾರವೂ ಇರಲಿಲ್ಲ. ನಾಲ್ಕನೆಯ ದಿನ, ತನ್ನನ್ನು ಕಾಡುತ್ತಿರುವುದು ಆ ವಾದವಲ್ಲ, 'ಆರು ತಿಂಗಳು' ಎಂದು ತಿಳಿಯಿತು. ಅಕ್ಕ ಅದನ್ನು ತಿದ್ದಿಕೊಂಡಿಲ್ಲ ಎಂಬುದು ಅವನಿಗೆ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಆಗಿತ್ತು. ತಮ್ಮ ಹೇಳಿದರೆ ಅವಳು ಕೇಳುವುದಿಲ್ಲ. ರೇವಣ ಹೇಳಿದರೆ? ಎಡಗೈಗೆ ಪೆನ್ನು ತೆಗೆದುಕೊಂಡ.

"ಜೋಳದ ಬಸಿರು ನಾಕ ತಿಂಗಳು, ಆರಂದಾಕಿ ಯಾರವ್ವ
ಹೊಲದ ಲೆಕ್ಕ ತಿಳಿಯದಾಕಿಗೆ ಹಾಡಿನ ಲೆಕ್ಕ ಹ್ಯಾಂಗವ್ವ"

ಜೀವಮಾನದಲ್ಲಿ ಅವನು ಮಾಡಿದ ತಿದ್ದುಪಡಿಗಳಲ್ಲಿ ಯಾವುದೂ ಇಷ್ಟು ಖುಷಿ ಕೊಟ್ಟಿರಲಿಲ್ಲ.

ಫೋನು ಬಂದದ್ದು ಜಾಹೇದಾಳಿಂದ. "ಭಾಯಿಸಾಬ್, ಅಕ್ಕ ಎರಡು ದಿನದಿಂದ ಅಂಗಳದಾಗ ತಿರಗಾಡ್ಲಾಕತ್ತಾಳ. ರೊಟ್ಟಿ ಹೆಂಚಿನ ಮ್ಯಾಲೇ ಸುಟ್ಟು ಹೋಯ್ತು. ಹಿಂಗ ಬೈಸಿಕೊಂಡು ಭಾಳ ವರ್ಷ ಆಗಿತ್ತು ಆಕಿಗೆ. ಮಾರಿ ಎಷ್ಟ ಛಲೋ ಆಗ್ಯಾದ ಅಂತೀರಿ."

ಮರುದಿನ ಸೂಗಮ್ಮನ ಜವಾಬು ಬಂತು. ಅವಳ ಅಂಗಳದಲ್ಲಿ ಹಿಂದೆ ಒಂದು ಹಗೇವು ಇತ್ತು. ಸುಗ್ಗಿಯ ಜೋಳವನ್ನು ನೆಲದೊಳಗೆ ತುಂಬಿಡುವ ಆಳದ ಕುಣಿ. ಅದನ್ನು ಮುಚ್ಚಿ ನಲವತ್ತು ವರ್ಷವಾಗಿತ್ತು. ಎರಡು ದಿನ ಅವಳು ಸುತ್ತಿದ್ದು ಅದೇ ಜಾಗವನ್ನು.

"ನಾಕ ತಿಂಗಳು ಬಿಸಲಿಗೆ ನಿಂತು ಎರಡು ಹಗೇವಿನಾಗ ಮಲಗ್ಯಾಳ
ಕಾಳು ಕಾಯೋ ಕತ್ತಲಿ ಹೊಟ್ಟಿ, ಅದೂ ಬಸಿರಲ್ಲೇನ ಹೇಳ"

ನೀಲಕಂಠ ಬರೆದುಕೊಂಡು ಇನ್ನೊಮ್ಮೆ ಓದಿದ. ನಾಲ್ಕು ಮತ್ತು ಎರಡು ಆರು. ತಿದ್ದಲು ಏನೂ ಇರಲಿಲ್ಲ. ತಪ್ಪನ್ನು ಅಳಿಸದೆ, ಅದು ತಪ್ಪಾಗದಂತೆ ಅವಳು ಅದರ ಕೆಳಗೆ ನೆಲವನ್ನೇ ತೋಡಿದ್ದಳು.

"ಸೋತೆ ಅಂದ್ನೇನೋ ಅಂವ?" ಎಂದಳು ಸೂಗಮ್ಮ.

"ಇನ್ನಾ ಓದಿಲ್ಲ ಅಕ್ಕಾ."

"ಮತ್ತ ನಿನ್ನ ದನಿ ಯಾಕ ಹಂಗಾಗ್ಯಾದ?"

ಡಿಸೆಂಬರ್ ಹೊತ್ತಿಗೆ ಐದು ಸವಾಲು, ಐದು ಜವಾಬು ಆಗಿದ್ದವು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಸೂಗಮ್ಮ ಫೋನು ಮಾಡಿ, ಇಷ್ಟು ಸಾಕು, ಇನ್ನು ಎದುರಿಗೇ ಹಾಡೋಣ ಎಂದಳು. "ಊರಿಗೆಲ್ಲ ಹೇಳೀನಿ. ತೊಗರಿನಾಳ ರೇವಣ ಬರ್ತಾನ, ನನ್ನ ತಮ್ಮ ಕರಕೊಂಡು ಬರ್ತಾನ ಅಂತ. ಅಂವ ಬರಲಿಲ್ಲಂದ್ರ ಮ್ಯೂಸಿಯಂನವರು ಹೆಂಗೂ ಬರ್ತಾರ. ದಪ್ಪು ಕೊಟ್ಟು ಕಳಸ್ತೀನಿ."

ಆ ಸಂಜೆ ನೀಲಕಂಠ ಪೆನ್ನು ಕೆಳಗಿಟ್ಟ. "ಹೇಳಿಬಿಡ್ತೀನಿ," ಎಂದ ಅಂಜನಾಳಿಗೆ. "ಪೇಪರಿನಾಗ ತಪ್ಪು ಬಂದ್ರ ಮರುದಿನ ತಿದ್ದುಪಡಿ ಹಾಕ್ತಿದ್ದಿವಿ. ಇದಕ್ಕೂ ಹಾಕಬೇಕು."

"ಹಾಕ್ರಿ. ಮತ್ತ ದಪ್ಪು ಗಾಜಿನ ಪೆಟ್ಟಿಗಿಗೆ ಹೋಗ್ಲಿ," ಎಂದಳು ಅಂಜನಾ.

ಎಳ್ಳು ಅಮಾವಾಸ್ಯೆಯ ದಿನ ಇಬ್ಬರೂ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದರು. ಸೂಗಮ್ಮನ ಹೊಲದ ಒಂದು ಬದಿಗೆ ಕೆಂಪು ಬಾಳೆಯ ತೋಟ, ಇನ್ನೊಂದು ಬದಿಗೆ ಎದೆಮಟ್ಟ ನಿಂತ ಜೋಳ. ದಂಟಿನ ಸಣ್ಣ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಇಟ್ಟಿದ್ದರು. ಸೂಗಮ್ಮ ಕಡುಬು, ಭಜ್ಜಿ ಎಡೆ ಹಿಡಿದು, "ಪಾಂಡವರು ಉಂಡಿಂದ ನೀವು," ಎಂದು ಎಲ್ಲರನ್ನೂ ತಡೆದು ನಿಲ್ಲಿಸಿದಳು. ಎಲ್ಲರೂ ಕಾದರು. ಅರುವತ್ತೊಂದು ವರ್ಷದಲ್ಲಿ ಆ ಕಲ್ಲುಗಳು ಯಾರು ಎಂದು ತಾನೂ ಒಮ್ಮೆಯೂ ಸಾಕ್ಷಿ ಕೇಳಿಲ್ಲ ಎಂಬುದು ನೀಲಕಂಠನಿಗೆ ಆಗ ಹೊಳೆಯಿತು.

ಎಡೆಯ ಅಡುಗೆಯನ್ನು ಹೊಲದಲ್ಲಿ ಚರಗವಾಗಿ ಚೆಲ್ಲಿ, ಊಟ ಮುಗಿಯುವಷ್ಟರಲ್ಲಿ ನೂರು ಮಂದಿ ಸೇರಿದ್ದರು. ಮ್ಯೂಸಿಯಂನ ಇಬ್ಬರು ಜೀಪಿನಲ್ಲಿ ಬಂದು, ಅವರೂ ಎಲೆಯ ಮುಂದೆ ಕುಳಿತಿದ್ದರು. ಸೀರೆಯಲ್ಲಿ ಸುತ್ತಿದ ಗಂಟು ಸೂಗಮ್ಮನ ಪಕ್ಕದಲ್ಲಿತ್ತು. ನೀಲಕಂಠ ಅವಳನ್ನು ಬಾಳೆಯ ಸಾಲಿನ ಮರೆಗೆ ಕರೆದ. ಜಾಹೇದಾ ಕರೆಯದೆಯೇ ಬಂದಳು.

"ಅಕ್ಕಾ, ರೇವಣ ಬರಾಂಗಿಲ್ಲ."

"ಯಾಕ?"

"ಅಂವ... ಇಲ್ಲ."

"ಇಲ್ಲ ಅಂತ ನನಗ ಮೊದಲನೇ ಕಾಗದಕ್ಕೇ ಗೊತ್ತಲ್ಲೋ."

ಅವಳು ಸೊಂಟದ ಚೀಲದಿಂದ ಮಡಿಚಿದ ಕಾಗದ ತೆಗೆದಳು. 'ಹದಿನಾರು ಸಲ ಸೋತಿರಿ' ಎಂಬಲ್ಲಿ ಹದಿನಾರನ್ನು ಅಡ್ಡಗೆರೆಯಿಂದ ಹೊಡೆದು, ಅಂಚಿನಲ್ಲಿ 'ಹದಿನೈದು' ಎಂದು ಬರೆದು, ಸುತ್ತ ಒಂದು ಅಚ್ಚುಕಟ್ಟಾದ ವೃತ್ತ ಹಾಕಲಾಗಿತ್ತು.

"ಬೈಯೋ ಮನುಷ್ಯಾ ಹದಿನಾರು ಹೊಡದು ಹದಿನೈದು ಮಾಡ್ತಾನೇನೋ ನೀಲ್ಯಾ? ಈ ಭೂಮಿ ಮ್ಯಾಲ ಇಂಥಾಂವ ಒಬ್ಬನೇ ಅದಾನ."

ಜಾಹೇದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗೊತ್ತಿದ್ದೂ ಯಾಕ ಜವಾಬು ಕೊಟ್ಟಿ?" ಎಂದ ನೀಲಕಂಠ.

"ಸವಾಲು ಛಲೋ ಇತ್ತು. ಕೊಟ್ಟಾಂವ ಇದ್ರೇನು, ಇಲ್ಲದಿದ್ರೇನು." ಅವಳು ಕಾಗದವನ್ನು ಮತ್ತೆ ಚೀಲಕ್ಕೆ ಸೇರಿಸಿದಳು. "ಆದ್ರ ಒಂದ್ ಮಾತು. ನನಗ ನೀ ಬೈದ್ರ ಸಿಟ್ಟು ಬರಾಂಗಿಲ್ಲ, ನಗಿ ಬರ್ತದ. ರೇವಣ ಬೈದ್ರ ಮೈ ಉರೀತದ. ಹೋಗಿ ಮಂದಿಗೆ ಏನ್ ಹೇಳ್ತಿ ಹೇಳು. ರೇವಣ ಅದಾನಂದ್ರ ಹಾಡ್ತೀನಿ. ಇಲ್ಲಂದ್ರ ಜೀಪು ನಿಂತದ."

ನೀಲಕಂಠ ಜನರ ಮುಂದೆ ನಿಂತ. ತಿದ್ದುಪಡಿಯ ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಅಂಥವನ್ನು ಅವನು ನೂರಾರು ಬರೆದಿದ್ದ.

"ತೊಗರಿನಾಳ ರೇವಣ ಇವತ್ತ ಬಂದಿಲ್ಲ," ಎಂದ. ಇಷ್ಟು ನಿಜ.

"ಯಾಕ್ರೀ?" ಮುಂದೆ ಕುಳಿತಿದ್ದ ಮಹಾದೇವಮ್ಮ ಎಂಬ ಮುದುಕಿ ಕೇಳಿದಳು. "ನಮ್ಮ ಸೂಗಮ್ಮಗ ಅಂಜಿದನೇನು?"

ನೀಲಕಂಠ ಅಕ್ಕನ ಕಡೆ ನೋಡಲಿಲ್ಲ. ಗಂಟಿನ ಕಡೆ ನೋಡಿದ.

"ಅಂಜೋ ಮನುಷ್ಯಾ ಅಲ್ರಿ ಅಂವ. ಹೊಸಾ ತೊಗರಿ ಬರ್ಲಾಕತ್ತದ. ಮುಂಜಾನೆ ಮಿಲ್ಲಿಗೆ ಎರಡು ಲಾರಿ ಬಂದು ನಿಂತಾವ. ರಜಾ ಕೊಟ್ಟಿಲ್ಲ. ಸವಾಲು ಕಳಿಸ್ಯಾನ. ನಾ ಓದ್ತೀನಿ."

ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತು, "ನಾ ನೋಡೀನ್ರಿ ಅವನ್ನ, ಕಪನೂರಿನಾಗ. ಎಡಗೈಲೆ ಮೂಟಿ ಎತ್ತತಾನ," ಎಂದ.

ಹಳೆಯ ನೀಲಕಂಠನಾಗಿದ್ದರೆ ಯಾವತ್ತು, ಎಷ್ಟು ಗಂಟೆಗೆ, ಯಾವ ಮಿಲ್ಲು ಎಂದು ಕೇಳುತ್ತಿದ್ದ. ಈಗ, "ಮೀಸಿ ನೋಡಿದ್ರೇನ್ರಿ?" ಎಂದ.

"ಒಂದು ಕಡಿ ಸುಟ್ಟಾವ್ರಿ."

"ಹಾಂ, ಅವನೇ," ಎಂದ ನೀಲಕಂಠ.

ಸೂಗಮ್ಮ ಗಂಟು ಬಿಚ್ಚಿದಳು. ದಪ್ಪನ್ನು ಒಣ ದಂಟಿನ ಬೆಂಕಿಗೆ ಹಿಡಿದು ಕಾಸಿ, ಬೆರಳಿನಿಂದ ತಟ್ಟಿ ನೋಡಿದಳು. ನೀಲಕಂಠ ಸವಾಲನ್ನು ನಿಧನ ವಾರ್ತೆ ಓದುವಂತೆ ಓದಿದ. ಮಂದಿ ನಕ್ಕರು. ಜಾಹೇದಾ ಅವನ ಹಿಂದೆ ಕುಳಿತು ತುಂತುಣಿ ಮೀಟಿ, "ಗೀಯ ಗೀಯ ಗಾ ಗೀಯ ಗೀಯ" ಎಂದು ಸೊಲ್ಲು ಎತ್ತಿದಳು. ಅವನ ಓದು ಎತ್ತಿನ ಹಿಂದೆ ಎಳೆದ ಬಂಡಿಯಂತೆ ಹೇಗೋ ತಾಳಕ್ಕೆ ಬಿತ್ತು. ಎರಡನೆಯ ಸವಾಲಿಗೆ ಅವನು ಮೂಟೆ ಹೊರುವ ಉಸಿರು ಬಿಟ್ಟ. ಅಂಜನಾ ಗಂಡನ ಮುಖವನ್ನು ಕುತೂಹಲದಿಂದ ನೋಡಿದಳು.

ಸೂಗಮ್ಮ ಒಂದೊಂದೇ ಜವಾಬು ಕೊಟ್ಟಳು. ಹಗೇವಿನ ಪದ ಬಂದಾಗ ಮಹಾದೇವಮ್ಮ, "ನಮ್ಮ ಮನ್ಯಾಗೂ ಇತ್ತವ್ವಾ," ಎಂದು ಕಣ್ಣು ಒರೆಸಿಕೊಂಡಳು. ಹೊತ್ತು ಬಾಳೆಯ ಹಿಂದಕ್ಕೆ ಸರಿಯಿತು. ಕೊನೆಯಲ್ಲಿ ಸೂಗಮ್ಮ ನಿಂತಳು. ನಾಗೇಶಿಯವಳು ಎಂದೂ ಮಾಡದ ಕೆಲಸ ಮಾಡಿದಳು. ತಾನೇ ಸವಾಲು ಹಾಕಿದಳು.

"ತಾಯಿ ಇಲ್ಲದಲೇ ಹುಟ್ಟಿದ ಗಂಡಸು ಜಗದಾಗ ಒಬ್ಬ ಅದಾನೇನ
ಇದ್ದರ ಅವನ ಎಡಗೈ ಹಿಡಿದು ಬರುವರ್ಷ ಕರಕೊಂಡ ಬರ್ತೀಯೇನ"

ನೂರು ಮಂದಿಗೆ ಇದು ಹೆಣ್ಣಿನ ಗೆಲುವಾಗಿ ಕೇಳಿಸಿತು. ಬಾಳೆಯ ಮರೆಯ ಮಾತು ಕೇಳಿದ್ದ ಜಾಹೇದಾ ತುಂತುಣಿ ಮೀಟುವುದನ್ನು ಮರೆತು ನಕ್ಕಳು. ನೀಲಕಂಠ ತಲೆ ತಗ್ಗಿಸಿ, "ಕೇಳಿ ಹೇಳ್ತೀನಿ," ಎಂದ.

ಮ್ಯೂಸಿಯಂನವರು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. "ಒಂದು ಫೋಟೋ ತಗೊಂಡು ಹೋಗ್ರಿ," ಎಂದಳು ಸೂಗಮ್ಮ. "ದಪ್ಪಿಗೆ ಕೆಲಸ ಅದ." ಅವರಿಗೆ ಒಂದು ಬುಟ್ಟಿ ಕಡುಬು, ಒಂದು ಗೊನೆ ಕೆಂಪು ಬಾಳೆ ಸಿಕ್ಕವು.

ಸಂಜೆಯ ಬಸ್ಸು ಕಪನೂರು ದಾಟುವಾಗ ನೀಲಕಂಠ ಕಿಟಕಿಯ ಹತ್ತಿರ ಸರಿದ. ಒಂದು ಮಿಲ್ಲಿನ ಗೇಟಿನಲ್ಲಿ ದೀಪ ಹತ್ತಿತ್ತು. ಹಮಾಲರು ಇನ್ನೂ ಮೂಟೆ ಇಳಿಸುತ್ತಿದ್ದರು.

"ಏನ್ ನೋಡ್ಲಾಕತ್ತೀರಿ?" ಎಂದಳು ಅಂಜನಾ.

"ಏನಿಲ್ಲ. ರೇವಣನ ಕೆಲಸ ಮುಗೀತೋ ಇಲ್ಲೋ ಅಂತ."

ಅಂಜನಾ ಕಿಟಕಿಯ ಕಡೆ ಬಾಗಿ ನೋಡಿದಳು. "ಎರಡು ಲಾರಿ ಅಂದ್ರಲ್ಲ," ಎಂದಳು. "ಇನ್ನಾ ಹೊತ್ತಾಗ್ತದ."

ನೀಲಕಂಠ ಕಿಸೆಯಿಂದ ನೋಟ್‌ಬುಕ್ಕು ತೆಗೆದು, ಪೆನ್ನನ್ನು ಎಡಗೈಗೆ ಬದಲಿಸಿಕೊಂಡ.